ಅರುಂಧತಿ ಬೆಳಗಾವಿಗೆ ಹೋಗಿರಲಿಲ್ಲ

ಹಾಜರಾತಿ ಪರಿಶೀಲಿಸುವ ಅಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಬೆಳಕವಾಡಿ ಗ್ರಂಥಾಲಯದ ಮೇಲ್ವಿಚಾರಕಿ ಅರುಂಧತಿ ಅವರು ಐವತ್ತೆರಡು ದಿನ ಬೆಳಗಾವಿಯಲ್ಲಿ ಕೂತು ಹಾಜರಿ ಹಾಕಿದ್ದಾರೆಂದು ನೀವು ಅವರನ್ನು ಕೆಲಸದಿಂದ ದೂರ ಇಟ್ಟಿದ್ದೀರಿ. ಬರುವ ಸೋಮವಾರ ಪೂರ್ತಿ ತೆಗೆದುಹಾಕುವ ಆದೇಶಕ್ಕೆ ಸಹಿ ಹಾಕುತ್ತೀರಂತೆ. ಅವರು ಬೆಳಗಾವಿಗೆ ಹೋಗಿರಲಿಲ್ಲ. ಅವರನ್ನು ಅಲ್ಲಿಗೆ ಕಳಿಸಿದವನು ನಾನು.

ಹತ್ತನೇ ಕ್ಲಾಸಿಗೆ ಓದು ಬಿಟ್ಟವನು. ಮದ್ದೂರಿನ ಒಂದು ಕಂಪನಿಯಿಂದ ಲೈನು ತಂದು ಊರಿನ ಮುನ್ನೂರು ಮನೆಗೆ, ಗ್ರಂಥಾಲಯಕ್ಕೆ ಇಂಟರ್ನೆಟ್ ಕೊಡುತ್ತೇನೆ. ಪ್ರತಿ ಸಂಪರ್ಕಕ್ಕೂ ಒಂದು ನಂಬರಿರುತ್ತದೆ, ಐಪಿ ವಿಳಾಸ ಎನ್ನುತ್ತಾರೆ. ಹೆಸರಿಗಷ್ಟೇ ವಿಳಾಸ, ಅದರಲ್ಲಿ ಊರೂ ಇಲ್ಲ, ಬೀದಿಯೂ ಇಲ್ಲ. ಯಾವ ನಂಬರು ಯಾವ ಊರಿನದು ಎಂದು ನಮ್ಮಂಥವರು ಬರೆದುಕೊಟ್ಟಿದ್ದನ್ನು ನಂಬಿ ಯಾರೋ ಪಟ್ಟಿ ಮಾಡುತ್ತಾರೆ. ಆ ಪಟ್ಟಿ ನೋಡಿ ನಿಮ್ಮ ಯಂತ್ರ ಊರು ಹೇಳುತ್ತದೆ. ಯಂತ್ರ ಕಣ್ಣಿಟ್ಟು ನೋಡುತ್ತದೆ ಅಂದುಕೊಂಡಿದ್ದಿರಾ?

ಎರಡು ವರ್ಷದ ಹಿಂದೆ ಹೊಸ ನಂಬರು ಬಂದಾಗ ಊರು ಬರೆದುಕೊಡುವ ಫಾರಂ ತುಂಬಲು ಗ್ರಂಥಾಲಯದ ಕಂಪ್ಯೂಟರಿನ ಮುಂದೆಯೇ ಕೂತೆ. ಶಿವನಸಮುದ್ರದ ರಸ್ತೆಯಲ್ಲಿ ಕಬ್ಬಿನ ಲಾರಿ ನನ್ನ ಕೇಬಲ್ ಹರಿದು ಹಾಕಿತ್ತು, ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಊರಿನ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರ ಒತ್ತಿದೆ. ಫಾರಂ ತೋರಿಸಿದ ಊರುಗಳಲ್ಲಿ ಬೆಳಕವಾಡಿ ಇರಲೇ ಇಲ್ಲ. ಮೇಲೆ ಬಂದದ್ದು ಬೆಳಗಾವಿ. ಅರುಂಧತಿ ಅವರು ಪುಸ್ತಕ ಜೋಡಿಸುತ್ತಲೇ, "ಯತೀಸ, ಒಂದ್ಸಲ ಓದಿ ಒತ್ತಪ್ಪಾ" ಅಂದರು. "ಓದಿವ್ನಿ ಬುಡಕ್ಕ" ಅಂದೆ. ಓದಿರಲಿಲ್ಲ. ಒತ್ತಿ ಎದ್ದು ಓಡಿದೆ.

ಆಮೇಲೆ ಊರಿನ ಫೋನುಗಳ ಹವಾಮಾನದಲ್ಲೆಲ್ಲ ಬೆಳಗಾವಿಯ ಮಳೆ ಸುರಿಯತೊಡಗಿತು. "ಏನ್ಲಾ, ನನ್ ಫೋನು ಕುಂದ ತಕೋ ಕುಂದ ತಕೋ ಅಂತದೆ, ಬೆಳಗಾವಿಯಿಂದ ನೀನೇ ಒತ್ಕಬತ್ತೀಯೇನ್ಲಾ?" ಎಂದು ಪಕ್ಕದ ಮನೆಯ ಅಂಕಯ್ಯ ಅಲ್ಲಿಯ ಸಿಹಿತಿಂಡಿಯ ಜಾಹೀರಾತು ತೋರಿಸಿ ರೇಗಿಸಿದ. ನಾನೂ ನಕ್ಕೆ. ತಪ್ಪು ಎಲ್ಲಿಯದೆಂದು ಅವತ್ತೇ ಗೊತ್ತಾಯಿತು. ತಿದ್ದಲಿಲ್ಲ. ಮಳೆ ತಾನೇ, ಯಾರನ್ನು ನೆನೆಸುತ್ತದೆ ಅಂದುಕೊಂಡೆ.

ಈ ಜನವರಿಯಿಂದ ಕಂಪ್ಯೂಟರಿನಲ್ಲೇ ಹಾಜರಿ ಹಾಕಬೇಕೆಂದು ನೀವು ನಿಯಮ ಮಾಡಿದಿರಿ. ನನ್ನ ಲೈನು ಕೆಟ್ಟ ಸಂಜೆ ಅವರು ತಮ್ಮ ಫೋನಿನ ನೆಟ್ ಹಿಡಿದು ಹಾಕುತ್ತಿದ್ದರು. ಫೋನ್ ಕಂಪನಿಯ ನಂಬರು ಬೆಂಗಳೂರಿನದು, ಆಗ ನಿಮ್ಮ ಯಂತ್ರ ಬೆಂಗಳೂರು ಎಂದಿತು. ಬೆಳಿಗ್ಗೆ ಬೆಳಗಾವಿ, ಸಂಜೆ ಬೆಂಗಳೂರು, ಮಾರನೆಯ ಬೆಳಿಗ್ಗೆ ಮತ್ತೆ ಬೆಳಗಾವಿ. ಇಷ್ಟು ಓಡಾಡಲು ಆ ಹೆಂಗಸಿಗೆ ರೆಕ್ಕೆ ಇದೆಯೇ ಎಂಬ ಪ್ರಶ್ನೆ ತಮಗೆ ಬರಲಿಲ್ಲ. ಗ್ರಂಥಾಲಯಕ್ಕೆ ದಿನಾ ಪೇಪರ್ ಓದಲು ಬರುವ ಒಬ್ಬರನ್ನಾದರೂ ಕೇಳಿದಿರಾ?

ಆದರೆ ನಿಮ್ಮನ್ನು ಬೈಯಲು ನನಗೆ ಎಷ್ಟು ಬಾಯಿ ಇದೆ? ಅವರಿಗೆ ನಿಮ್ಮ ನೋಟಿಸು ಬಂದ ವಾರ ಟೀ ಅಂಗಡಿಯಲ್ಲಿ ನಾಗರಾಜು, "ಬೆಳಗಾವೀಲಿ ಯಾರ್ನ ಮಡಿಕ್ಕಂಡವಳಂತ್ಲಾ?" ಅಂದ. ಎಲ್ಲರೂ ನಕ್ಕರು. ನಾನು ಲೋಟ ನೋಡುತ್ತಾ ಕೂತೆ. ಬಾಯಿ ಬಿಟ್ಟರೆ ಮದ್ದೂರಿನವರು ಲೈನು ಕಿತ್ತುಕೊಳ್ಳುತ್ತಾರೆಂಬ ಭಯ. ಹನ್ನೊಂದು ದಿನ ಹಾಗೇ ಕಳೆದೆ. ಅಷ್ಟರಲ್ಲಿ ಗ್ರಂಥಾಲಯಕ್ಕೆ ಬೀಗ ಬಿತ್ತು. ಅವರು ಹಾಲು ಹಾಕಲು ಡೈರಿಗೆ ಬರುವುದನ್ನೂ ನಿಲ್ಲಿಸಿದರು. ಅವರ ಬದಲು ಅತ್ತೆ ಮಂಚಮ್ಮ ಬರತೊಡಗಿದರು.

ಹನ್ನೆರಡನೆಯ ದಿನ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. "ಅಲ್ಕಣ್ಲಾ, ಊರೆಲ್ಲಾ ನನ್ ಸೊಸೆ ಮ್ಯಾಲೆ ಉಗೀತಿದ್ರೆ ನಿನ್ ಬಾಯ್ಗೇನು ಬೀಗ ಬಿದ್ದಿತ್ಲಾ?" ಎಂದು ಮಂಚಮ್ಮ ಬಾಗಿಲಲ್ಲೇ ನಿಲ್ಲಿಸಿದರು. ಅರುಂಧತಿ ಅವರು ಬೈಯಲಿಲ್ಲ. "ಓದಿ ಒತ್ತು ಅಂದಿದ್ನಲ್ಲಪ್ಪಾ" ಅಂದು ಒಳಗೆ ಹೋದರು. ಬೈದಿದ್ದರೆ ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಅವತ್ತೇ ತಿದ್ದುಪಡಿ ಕಳಿಸಿದೆ. ಆದರೆ ಪಟ್ಟಿ ಇಟ್ಟವರು ಒಬ್ಬರಲ್ಲ. ನಮ್ಮ ಹಿಂದಿನ ಬೆಂಚಿನ ಹಾಗೆ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದುಕೊಳ್ಳುತ್ತಾರೆ; ತಪ್ಪನ್ನು ಬೇಗ, ಸರಿಯನ್ನು ನಿಧಾನವಾಗಿ. ಒಂದು ಪಟ್ಟಿಯಲ್ಲಿ ನಾವೀಗ ಮಂಡ್ಯಕ್ಕೆ ಬಂದಿದ್ದೇವೆ. ನೀವು ನೋಡುವ ಪಟ್ಟಿಯವರು ಆರು ವಾರ ಬೇಕೆಂದರು. ಸೋಮವಾರಕ್ಕೆ ಆರು ದಿನವಿದೆ. ಮಂಡ್ಯದ ನಿಮ್ಮ ಕಚೇರಿಗೆ ಬಂದರೆ ಗುಮಾಸ್ತರು, "ಸಿಸ್ಟಮ್ಮು ಬೆಳಗಾವಿ ಅಂತದೆ, ನೀನು ಬೆಳಕವಾಡಿ ಅಂತೀಯ. ನಾನ್ ಯಾರ್ನಯ್ಯಾ ನಂಬ್ಲಿ?" ಅಂದರು.

ನಿಮ್ಮನ್ನೇ ನಂಬಲಿ. ಫೆಬ್ರವರಿ ಹದಿನೆಂಟರಂದು ತಾವು ನಮ್ಮ ಗ್ರಂಥಾಲಯಕ್ಕೆ ಭೇಟಿ ಕೊಟ್ಟಿರಿ. ಭೇಟಿ ಪುಸ್ತಕದಲ್ಲಿ "ಮೇಲ್ವಿಚಾರಕಿ ಹಾಜರಿದ್ದರು, ಪುಸ್ತಕಗಳು ಅಚ್ಚುಕಟ್ಟಾಗಿವೆ" ಎಂದು ಸಹಿ ಹಾಕಿದಿರಿ. ಅವತ್ತು ಲೈನು ನೋಡಲು ಬಂದಿದ್ದ ನಾನು ತೆಗೆದ ಆ ಪುಟದ ಫೋಟೋ ಇದರೊಂದಿಗಿದೆ. ಆಮೇಲೆ ಅವರಿಂದಲೇ ವೈಫೈ ಪಾಸ್‌ವರ್ಡ್ ಕೇಳಿ, ಲ್ಯಾಪ್‌ಟಾಪ್ ತೆರೆದು, ಅಲ್ಲಿಂದಲೇ ವರದಿ ಕಳಿಸಿದಿರಿ. ಆ ವರದಿ ಎಲ್ಲಿಂದ ಬಂತೆಂದು ನಿಮ್ಮ ಯಂತ್ರವನ್ನು ಕೇಳಿ. ಅಂದು ತಾವೂ ಬೆಳಗಾವಿಯಲ್ಲಿದ್ದಿರಿ. ತಮಗೆ ನೋಟಿಸು ಬಂತೇ?

ನಾನು ಓದದೆ ಒತ್ತಿದೆ. ನೀವು ನಿಮ್ಮದೇ ಸಹಿಯನ್ನು ಓದದೆ ನೋಟಿಸಿಗೆ ಸಹಿ ಹಾಕಿದಿರಿ. ನಡುವೆ ಸಿಕ್ಕಿದ್ದು, ಓದಿ ಎಂದು ಊರಿಗೆಲ್ಲ ಹೇಳುವುದೇ ಕೆಲಸವಾಗಿದ್ದ ಒಬ್ಬರು.

ಸೋಮವಾರದೊಳಗೆ ಆ ಬೀಗ ತೆಗೆಸಿ. ತಪ್ಪು ನನ್ನದೆಂದು, ನನ್ನ ಹೆಸರು ಸಮೇತ ಆದೇಶದಲ್ಲಿ ಬರೆಯಿರಿ. ಅದನ್ನು ಗ್ರಂಥಾಲಯದ ಬಾಗಿಲಲ್ಲಿ ನಿಂತು, ಟೀ ಅಂಗಡಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿ. ಫೈಲಿನಲ್ಲಿ ತೊಳೆದರೆ ಬೀದಿಯಲ್ಲಿ ಹತ್ತಿದ ಕೆಸರು ಹೋಗುವುದಿಲ್ಲ. ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಮದ್ದೂರಿನವರು ಲೈನು ಕಿತ್ತುಕೊಂಡರೆ ಕಿತ್ತುಕೊಳ್ಳಲಿ.

ಈ ಕಾಗದವನ್ನು ಮೂರು ಸಲ ಓದಿ ಒತ್ತುತ್ತಿದ್ದೇನೆ.

ಇಂತಿ,
ಎರಡು ವರ್ಷ ತಡವಾಗಿ ಓದಿದ
ಯತೀಶ್
ಬೆಳಕವಾಡಿ, ಮಳವಳ್ಳಿ ತಾಲ್ಲೂಕು
(ತಮ್ಮ ಪಟ್ಟಿಯಲ್ಲಿ ಇನ್ನೂ ಬೆಳಗಾವಿ)