ಮಧ್ಯಾಹ್ನದ ವೋಲ್ಟೇಜ್

ಜುಲೈ 3, ಮಧ್ಯಾಹ್ನ 12

13.6. ಫುಲ್. ಪ್ಯಾನೆಲ್ ಒರೆಸಿದೆ. ಅಕ್ಕನ ಆಕ್ಸಿಜನ್ ಯಂತ್ರದ ಫಿಲ್ಟರ್ ತೊಳೆದೆ. ಈ ಗುಡ್ಡಕ್ಕೆ ಕರೆಂಟ್ ಕಂಬ ಇನ್ನೂ ಹತ್ತಿಲ್ಲ. ಬಿಸಿಲು, ಗಾಳಿ, ಒಂದು ಸಾಲು ಬ್ಯಾಟರಿ — ಅವಳ ಉಸಿರು ಇಷ್ಟನ್ನೇ ನಂಬಿದೆ.

ಅಕ್ಕ ಮಲಗಿದಲ್ಲಿಂದಲೇ ಕೂಗಿದಳು: “ಆ ನಿನ್ನ ಗಿರಗಿಟ್ಲೆ ನಿಲ್ಸೇ ತಾಯಿ, ತಲೆ ಚಿಟ್ಟು ಹಿಡೀತಿದೆ.”

ಗಾಳಿಯಂತ್ರಕ್ಕೆ ಬ್ರೇಕ್ ಹಾಕಿದೆ. ಬಿಸಿಲೇ ಸಾಕಾಗುತ್ತಿದೆಯಲ್ಲ.

ಜುಲೈ 4, ಮಧ್ಯಾಹ್ನ 12

13.5. ಫುಲ್. ಅಕ್ಕ ಎರಡು ತುತ್ತು ಹೆಚ್ಚು ತಿಂದಳು. “ನೋಡು, ಅದರ ಬಾಯಿ ಮುಚ್ಚಿಸಿದ್ದಕ್ಕೆ ನನ್ನ ಬಾಯಿ ತೆರೀತು.”

ಜುಲೈ 9, ಬೆಳಿಗ್ಗೆ 7

ನಾಲ್ಕು ದಿನ ಮೋಡ, ಗಾಳಿ, ಮಳೆ. ಮಧ್ಯಾಹ್ನ 12.9 ತೋರಿಸುತ್ತಿತ್ತು. ಬರೆಯಲು ಮನಸ್ಸಾಗಲಿಲ್ಲ. ಅಕ್ಕ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು, ಬ್ರೇಕ್ ಬಿಡಲೂ ಮನಸ್ಸಾಗಲಿಲ್ಲ.

ಇಂದು ಆಕ್ಸಿಜನ್ ಯಂತ್ರ ಕೀ ಎಂದು ಕೂಗಿ ನಿಂತಿತು. 10.8. ತುರ್ತಿಗೆಂದು ಇಟ್ಟಿದ್ದ ಒಂದೇ ಆಕ್ಸಿಜನ್ ಸಿಲಿಂಡರ್ ಜೋಡಿಸಿದೆ. ಓಡಿಹೋಗಿ ಬ್ರೇಕ್ ಬಿಟ್ಟೆ. ರೆಕ್ಕೆ ಅಲುಗಲಿಲ್ಲ. ಗಾಳಿ ನಿಂತುಹೋಗಿದೆ, ಮೋಡ ಮಾತ್ರ ಹಾಗೇ ಇದೆ. ಬೀಸಿದಷ್ಟು ದಿನ ನಾನೇ ಕಟ್ಟಿಹಾಕಿದ್ದೆ.

ಬೆಳಿಗ್ಗೆ 10

ಬ್ಯಾಟರಿ ಮೆಕ್ಯಾನಿಕ್‌ಗೆ ಫೋನ್. “ಮೇಡಂ, ರೀಡಿಂಗ್ ಯಾವಾಗ ನೋಡ್ತೀರಿ?”

“ಮಧ್ಯಾಹ್ನ.”

“ಚಾರ್ಜ್ ಆಗ್ತಿರುವಾಗ ಸತ್ತ ಬ್ಯಾಟರಿನೂ ಫುಲ್ ಅಂತಾನೇ ತೋರ್ಸುತ್ತೆ. ಬಿಸಿಲು ಬರೋಕೆ ಮುಂಚೆ ನೋಡಿ ಅಂತ ಅವತ್ತೇ ಹೇಳಿದ್ನಲ್ಲ?”

ಹೇಳಿದ್ದ. ಈ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನನ್ನದೇ ಅಕ್ಷರ: ಬಿಫೋರ್ ಸನ್‌ರೈಸ್. ಕೆಳಗೆ ಎರಡು ಗೆರೆ. ಒಂದು ವಾರ ಹಾಗೇ ನೋಡಿದ್ದೇನೆ. 12.1. 12.0. 11.9. ಆಮೇಲೆ ಮಧ್ಯಾಹ್ನಕ್ಕೆ ಬದಲಾಯಿಸಿದ್ದೇನೆ... ಏಕೆ? ಮರೆತೆನೆ? ಇಲ್ಲ. ಒಳ್ಳೆಯ ಮಾರ್ಕ್ಸ್ ಬೇಕಿತ್ತು. ಈ ವಯಸ್ಸಿನಲ್ಲಿ, ಯಾರೂ ನೋಡದ ಪುಸ್ತಕದಲ್ಲಿ.

ಸೇತುವೆಯ ಮೇಲೆ ನೀರು. ಆಂಬುಲೆನ್ಸೂ ಅವನ ಹೊಸ ಬ್ಯಾಟರಿಯೂ ನಾಳೆಗೆ ಮುಂಚೆ ದಾಟಲಾರವು. ಸಿಲಿಂಡರ್ ಸಂಜೆಯವರೆಗೆ.

ಸಂಜೆ 5

ಸಿಲಿಂಡರಿನ ಮುಳ್ಳು ಕೆಂಪಿನಲ್ಲಿದೆ. ಅಕ್ಕನ ತುಟಿ ನೀಲಿ.

“ಬ್ಯಾಟರಿ ಎಷ್ಟಿದ್ಯೇ?”

“ಹದಿಮೂರು.”

“ಮಧ್ಯಾಹ್ನದ್ದಾ?”

ಫೋನಿನ ಮಾತು ಕೇಳಿಸಿಕೊಂಡಿದ್ದಾಳೆ. ಬೈಯಲಿಲ್ಲ. ಬೈದಿದ್ದರೆ... ಕೈ ಹಿಡಿದುಕೊಂಡಳು, ಅಷ್ಟೇ.

“ಗಿರಗಿಟ್ಲೆ ಬಿಟ್ಟಿದೀಯಾ? ಸದ್ದೇ ಇಲ್ವಲ್ಲೇ.”

ಬಿಟ್ಟಿದ್ದೇನೆ ಅಕ್ಕ. ಕಿಟಕಿ ತೆರೆದಿಟ್ಟು ಮರವನ್ನೇ ನೋಡುತ್ತ ಕೂತಿದ್ದೇನೆ. ಒಂದು ಎಲೆಯಾದರೂ ಅಲುಗಿದರೆ...