ಹದಿನೇಳನೆಯ ಪ್ರಶ್ನೆ

ಕೋಥರೂಡ, ಪುಣೆ
೧೧ ಆಗಸ್ಟ್ ೨೦೦೨, ಭಾನುವಾರ

ಧಾರವಾಡದ ಹಾಸ್ಟೆಲಿನ ಹನ್ನೊಂದನೇ ಕೋಣೆಯ ಶೈಲಶ್ರೀಗೆ, ಅದೇ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚಕ್ಕಾಗಿ ನಿನ್ನೊಡನೆ ಜಗಳವಾಡುತ್ತಿದ್ದ ಸುಲಭಾ ಬರೆಯುವುದು.

ನಿನ್ನ ರಿಜಿಸ್ಟರ್ ಪತ್ರ ಕೈಸೇರಿ ಹತ್ತು ದಿನವಾಯಿತು. ಇಷ್ಟು ವರ್ಷಗಳಲ್ಲಿ ನೀನು ನನಗೆ ಕಾರ್ಡು ಬರೆದಿದ್ದೀಯ, ಇನ್‌ಲ್ಯಾಂಡ್ ಬರೆದಿದ್ದೀಯ, ಒಮ್ಮೆ ಸಿಟ್ಟಿನಲ್ಲಿ ಖಾಲಿ ಲಕೋಟೆಯನ್ನೂ ಕಳಿಸಿದ್ದೀಯ. ರಿಜಿಸ್ಟರ್ ಮಾಡಿದ್ದು ಇದೇ ಮೊದಲು. ಪೋಸ್ಟ್‌ಮನ್ ಸಹಿ ಹಾಕಿಸಿಕೊಂಡು ಹೋದ ಮೇಲೆ ಬಾಗಿಲಲ್ಲೇ ನಿಂತು ಒಡೆದೆ. ಒಳಗೆ ಹೇಗಿದ್ದೀ ಎಂದು ಒಂದು ಮಾತೂ ಇರಲಿಲ್ಲ.

ನೀನು ಕೇಳಿದ್ದು ಒಂದೇ. ಎರಡು ವರ್ಷದ ಹಿಂದೆ ನಿಮ್ಮೂರಿನ ಮೀನುಗಾರರ ಮನೆಮನೆಗೆ ಹೋಗಿ ನಾನು ತುಂಬಿಕೊಂಡು ಬಂದ ನೂರಾ ಹನ್ನೆರಡು ಫಾರ್ಮುಗಳು ಬೇಕು. ನಿಮ್ಮ ಕಡಲಿನಲ್ಲಿ ಎಣ್ಣೆ ಬಾವಿ ಕೊರೆಯಲು ಕೊಟ್ಟ ಪರವಾನಗಿಯ ವಿರುದ್ಧ ನೀವು ಹಾಕಿದ ಕೇಸು ಇದೇ ಇಪ್ಪತ್ತಾರಕ್ಕೆ ಕೋರ್ಟಿಗೆ ಬರುತ್ತದೆ. ನಮ್ಮ ಸಮೀಕ್ಷೆ ಆಫೀಸಿನ ವರದಿಯಲ್ಲಿರುವ ಒಂದು ವಾಕ್ಯವನ್ನು ಸುಳ್ಳೆಂದು ತೋರಿಸದಿದ್ದರೆ ಕೇಸು ಬಿದ್ದುಹೋಗುತ್ತದೆ. 'ಮೀನುಗಾರ ಕುಟುಂಬಗಳಲ್ಲಿ ಶೇಕಡಾ ತೊಂಬತ್ತೊಂದರಷ್ಟು ಈ ವೃತ್ತಿಯನ್ನು ಮುಂದುವರಿಸಲು ಇಚ್ಛಿಸುವುದಿಲ್ಲ.' ಆ ವಾಕ್ಯ ನನಗೆ ಬಾಯಿಪಾಠವಾಗಿದೆ.

ಸುತ್ತಿ ಬಳಸಿ ಬರೆಯುವುದು ಬೇಡ. ಫಾರ್ಮುಗಳು ಇಲ್ಲ ಶೈಲಾ. ಹೋದ ದೀಪಾವಳಿಗೆ ಆಫೀಸು ಇಲ್ಲಿಯ ಡೆಕ್ಕನ್ ಬಡಾವಣೆಯಿಂದ ಹೊಸ ಜಾಗಕ್ಕೆ ಹೋಯಿತು. ಆಗ ಹಳೆಯ ಕಾಗದವೆಲ್ಲ ರದ್ದಿಯವನ ಪಾಲಾಯಿತು. ನನ್ನನ್ನು ಯಾರು ಕೇಳಿದರು?

ನಾನು ನಿಮ್ಮೂರಿಗೆ ಬಂದದ್ದು ಎರಡು ಸಾವಿರದ ಫೆಬ್ರುವರಿಯಲ್ಲಿ. ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನಮ್ಮ ಮೇಲಧಿಕಾರಿ ಪ್ರಲ್ಹಾದ ಸರ್ ಕರೆದು, ಹನ್ನೆರಡು ದಿನದ ಸಮೀಕ್ಷೆ ಇದೆ, ಹೋಗುತ್ತೀರಾ ಎಂದಾಗ ಊರಿನ ಹೆಸರು ಕೇಳಿ ಕುಣಿದುಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಚೀಲ ಇಸಿದುಕೊಳ್ಳುತ್ತ ನೀನು ಕೇಳಿದ ಮೊದಲ ಮಾತು, ಇದು ಯಾವುದರ ಸಮೀಕ್ಷೆ ಎಂದು. ಜೀವನಮಟ್ಟದ್ದು, ಸರಕಾರಿ ಕೆಲಸ ಎಂದೆ. ನೀನು ಹಿಡಿದಿದ್ದ ಅದೇ ಚೀಲದೊಳಗಿನ ಕಾಗದದ ಮೇಲೆ ಎಣ್ಣೆ ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಇದೊಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ.

ನೀನು ಜೊತೆಗಿರದಿದ್ದರೆ ಆ ಹೆಂಗಸರು ನನ್ನನ್ನು ಹೊಸಿಲ ಒಳಗೆ ಬಿಡುತ್ತಿರಲಿಲ್ಲ. 'ನಮ್ ಟೀಚರ್ ಗೆಳತಿ' ಎಂದು ಮೊದಲ ಮನೆಯ ಹೊನ್ನಮ್ಮ ಕೇರಿಗೆಲ್ಲ ಸಾರಿದಳು. ನಾನು ಮೀನು ತಿನ್ನುವವಳಲ್ಲವೆಂದು ತಿಳಿದು ಮುರುಗಲ ಹಣ್ಣಿನ ಪಾನಕ ಮಾಡಿದಳು. ಅದಕ್ಕೂ ಮುಂಚೆ ಪಾತ್ರೆಯನ್ನು ನನ್ನೆದುರಿಗೇ ಎರಡು ಸಲ ತೊಳೆದು ತೋರಿಸಿದಳು. ಒಣಮೀನು ಹರವಿದ್ದ ಚಾಪೆಯ ಪಕ್ಕದಲ್ಲೇ ಕುಳಿತು ಫಾರ್ಮು ತುಂಬಿದೆ. ಆ ವಾಸನೆ ಕಾಗದಕ್ಕೆ ಹತ್ತಿದ್ದು ಪುಣೆಗೆ ಬಂದ ಮೇಲೂ ಬಿಡಲಿಲ್ಲ. ಆಫೀಸಿನಲ್ಲಿ ಯಾರೂ ಆ ಕಟ್ಟುಗಳನ್ನು ತಮ್ಮ ಕಪಾಟಿನಲ್ಲಿಡಲು ಒಪ್ಪಲಿಲ್ಲ, ಮೂಗು ಮುಚ್ಚಿಕೊಂಡು ನನ್ನನ್ನೇ ರೇಗಿಸುತ್ತಿದ್ದರು.

ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಎಣ್ಣೆ ಎಂಬ ಮಾತು ಒಂದರಲ್ಲೂ ಇರಲಿಲ್ಲ. ಹದಿನೇಳನೆಯದು ಹೀಗಿತ್ತು: ನಿಮ್ಮ ಮಕ್ಕಳು ಇದೇ ಕೆಲಸ ಮಾಡಬೇಕೆಂದು ಬಯಸುತ್ತೀರಾ? ಹೌದು, ಇಲ್ಲ ಎಂದು ಎರಡು ಚೌಕ. ಅದರ ಕೆಳಗೆ ಕಾರಣ ಬರೆಯಲು ಎರಡು ಗೆರೆ. ದಿನಕ್ಕೆ ಹತ್ತು ಮನೆ ಮುಗಿಸುವ ಅವಸರದಲ್ಲಿ ಆ ಗೆರೆಗಳು ಹೆಚ್ಚಿನಂಶ ಖಾಲಿಯೇ ಉಳಿದವು. ಹಾಗಾಗಿ ಫಾರ್ಮು ಇದ್ದಿದ್ದರೂ ನಿಮ್ಮ ವಕೀಲರಿಗೆ ಅದರಲ್ಲಿ ಏನೂ ಸಿಗುತ್ತಿರಲಿಲ್ಲ.

ನೀನು ನನ್ನ ಅವ್ವನನ್ನು ನೋಡಿದ್ದೀಯ. ಅದೇ ಧಾರವಾಡದ ಮಾಳಮಡ್ಡಿಯಲ್ಲಿ ನಾಲ್ಕು ಮನೆಯ ಅಡಿಗೆ ಮಾಡಿ, ಓದಿಗೆ ಅಡ್ಡಿಯಾಗದಿರಲೆಂದು ನನ್ನನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದಳು. ನಾನು ಲಟ್ಟಣಿಗೆ ಮುಟ್ಟಿದರೆ ಕಸಿದುಕೊಂಡು, 'ನನ್ನ ಹಣೇಬರಹ ನಿನಗ ಬ್ಯಾಡವ್ವಾ, ನೀ ಓದ್ಕೋ ಹೋಗು' ಎನ್ನುತ್ತಿದ್ದಳು. ಅವಳಿಗೆ ಯಾರಾದರೂ ಹದಿನೇಳನೆಯ ಪ್ರಶ್ನೆ ಕೇಳಿದ್ದರೆ ಇಲ್ಲ ಎಂದೇ ಹೇಳುತ್ತಿದ್ದಳು. ಹಾಗೆಂದು ಅವಳ ಒಲೆಗೆ ನೀರು ಸುರಿಯಲು ಬಂದಿದ್ದರೆ ಸೌಟು ಹಿಡಿದು ಓಡಿಸುತ್ತಿದ್ದಳು. ಇಲ್ಲ ಎನ್ನುವ ತಾಯಂದಿರ ಮಾತಿಗೆ ಏನರ್ಥ ಎಂಬುದು ನನಗಿಂತ ಚೆನ್ನಾಗಿ ಆ ಆಫೀಸಿನಲ್ಲಿ ಯಾರಿಗೆ ಗೊತ್ತಿರಲು ಸಾಧ್ಯ? ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ವರದಿಯ ಆ ವಾಕ್ಯ ಪ್ರಲ್ಹಾದ ಸರ್ ಬರೆದದ್ದು. ನಾನು ಅದನ್ನು ಕನ್ನಡಕ್ಕೆ ಇಳಿಸಿದೆ, ಅಷ್ಟೇ.

ಇಲ್ಲ, ಇದೂ ಸರಿಯಲ್ಲ. ನಡೆದದ್ದು ಹೀಗೆ. ಸರ್ ನನ್ನ ಮೇಜಿನ ಬಳಿ ಬಂದು, ಕಂಪನಿಯವರಿಗೆ ಒಂದು ಗಟ್ಟಿ ಸಾಲು ಬೇಕಾಗಿದೆ, ನಿಮ್ಮ ಫಾರ್ಮುಗಳಲ್ಲಿ ಏನಾದರೂ ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು. ನೂರಾ ಹನ್ನೆರಡರಲ್ಲಿ ನೂರಾ ಎರಡು ಮನೆಯವರು ಹದಿನೇಳಕ್ಕೆ ಇಲ್ಲ ಎಂದಿದ್ದಾರೆ ಎಂದೆ. ಮುಂದುವರಿಸಲು ಇಷ್ಟವಿಲ್ಲ ಅಂತ ಹಾಕಬಹುದಲ್ಲವೇ ಎಂದರು. ಹಾಕಬಹುದು ಎಂದೆ. ಅವರಿಗೆ ಅಷ್ಟು ಸಾಕಾಗಿತ್ತು. ಆ ವರ್ಷ ನನ್ನ ಕೆಲಸ ಕಾಯಂ ಆಯಿತು, ಪೇಢೆ ಹಂಚಿದೆ. ನಿನಗೂ ಫೋನು ಮಾಡಿ ಹೇಳಿದ್ದೆ, ನೀನು ಖುಷಿಪಟ್ಟಿದ್ದೆ.

ಪರವಾನಗಿ ಕೊಡುವ ಮುಂಚೆ ಊರವರ ಅಭಿಪ್ರಾಯ ಕೇಳಲು ಸರಕಾರ ಕರೆದ ಸಾರ್ವಜನಿಕ ಸಭೆಯ ದಿನದ ಪೇಪರಿನ ತುಣುಕುಗಳು, ನೀನು ಕಳಿಸಿದ್ದವು, ಇನ್ನೂ ನನ್ನಲ್ಲಿವೆ. ಊರಿಗೆ ಊರೇ ಅಂಗಡಿ ಮುಚ್ಚಿದ್ದು, ದಡಕ್ಕೆ ಎಳೆದ ದೋಣಿಗಳ ಮೇಲೆ ಕಪ್ಪು ಬಾವುಟ, ರಿಕ್ಷಾದವರು, ಕಾಲೇಜಿನವರು, ಬಸದಿಯವರು, ಇಗರ್ಜಿಯವರು ಎಲ್ಲ ಒಂದೇ ಮೆರವಣಿಗೆಯಲ್ಲಿ. ಆದರೆ ಪೇಪರಿನಲ್ಲಿ ಇಲ್ಲದ್ದನ್ನು ಈ ಸಲ ಬರೆದಿದ್ದೀಯ. ಕಡಲು ನಮ್ಮ ಅನ್ನ, ಅದನ್ನು ಬಿಡುವುದಿಲ್ಲ ಎಂದು ಹೊನ್ನಮ್ಮ ಎದ್ದು ನಿಂತಾಗ ಅಧಿಕಾರಿ ವರದಿ ತೆರೆದು ಆ ವಾಕ್ಯ ಓದಿದ್ದು. ಆಮೇಲೆ ವರದಿಯ ಕೊನೆಗಿದ್ದ, ಉತ್ತರ ಕೊಟ್ಟವರ ಪಟ್ಟಿಯಲ್ಲಿ ಮೊದಲಿಗೇ ಇದ್ದ ಅವಳ ಹೆಸರನ್ನು ಗಟ್ಟಿಯಾಗಿ ಓದಿ, ನೀವೇ ಅಲ್ಲವೇನಮ್ಮ ಎಂದು ಕೇಳಿದ್ದು. 'ನಾ ಬರ್ಸಿದ್ದು ಬೇರೆ' ಎಂದು ಅವಳು ಕೂಗಿದ್ದು, ಸಭೆಯಲ್ಲಿ ಯಾರೋ ನಕ್ಕದ್ದು, ಅವಳು ತಿರುಗಿ ನಿನ್ನನ್ನು ನೋಡಿದ್ದು.

ಅಂದಿನಿಂದ ಕೇರಿಯಲ್ಲಿ ಅವಳನ್ನು ಕಡಲು ಮಾರಿದವಳು ಎನ್ನುತ್ತಾರೆ ಎಂದು ಬರೆದಿದ್ದೀಯ. ಮೀನು ಪೇಟೆಯಲ್ಲಿ ಅವಳ ಬುಟ್ಟಿಯ ಪಕ್ಕ ಯಾರೂ ಕೂರುವುದಿಲ್ಲ. ನಿನ್ನನ್ನು ಕಂಡರೆ ಹೆಂಗಸರು ಸೆರಗು ಎಳೆದು ಮುಖ ತಿರುಗಿಸುತ್ತಾರೆ. ಈಗ ಆ ದೋಣಿಗಳು ಬಾವಿಯ ಹಡಗಿನ ಸುತ್ತ ಐದು ಮೈಲಿ ಸುಳಿಯುವಂತಿಲ್ಲ, ಬಲೆಗೆ ಏನೂ ಬೀಳುತ್ತಿಲ್ಲ. ಹೊನ್ನಮ್ಮ ಮಾತ್ರ ಇವತ್ತಿಗೂ, 'ನಾ ಬರ್ಸಿದ್ದೆ, ಆ ಅಮ್ಮ ಬರ್ಕಂಡಿದ್ರು' ಎಂದು ಕಂಡವರಿಗೆಲ್ಲ ಹೇಳುತ್ತಾಳಂತೆ. ಅವಳು ಹೇಳುವುದು ನಿಜವೋ ಸುಳ್ಳೋ, ಅಷ್ಟಾದರೂ ತಿಳಿಸು ಎಂದು ನಿನ್ನ ಪತ್ರದ ಕೊನೆಯ ಸಾಲು.

ಏನು ತಿಳಿಸಲಿ? ಎರಡು ವರ್ಷ ಕಳೆದಿದೆ, ನೂರಾರು ಮಾತು ಆಡಿದ್ದಾಳೆ, ಪಾಪ, ಅವಳಿಗೆ ನೆನಪು ತಪ್ಪಿರಬಹುದು. ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಬರೆಸಿದೆ ಎಂದು ಅನೇಕರಿಗೆ ಆಮೇಲೆ ಅನಿಸುತ್ತದೆ.

ಕೋರ್ಟಿಗೆ ಬಂದು ಹೇಳು ಎನ್ನುತ್ತೀಯ. ನಮ್ಮ ಯಜಮಾನರು ಕೃಷ್ಣಾಜಿ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿ ಹದಿನಾಲ್ಕು ತಿಂಗಳಾಯಿತು. ದಿನವಿಡೀ ಬಾಲ್ಕನಿಯಲ್ಲಿ ಕುಳಿತು ಎದುರಿನ ಸೊಸೈಟಿಯ ಸ್ಕೂಟರುಗಳನ್ನು ನೋಡುತ್ತಾರೆ. ಮನೆ ನನ್ನ ಸಂಬಳದ ಮೇಲೆ ನಿಂತಿದೆ. ನಿನ್ನ ಪತ್ರ ಓದಿ, 'ಅವರು ಇಲ್ಲಾ ಅಂದ್ರು, ನೀ ಇಲ್ಲಾ ಅಂತ ಬರದಿ. ಸುಮ್ಮನ ಯಾಕ ಮೈಮ್ಯಾಲೆ ಎಳಕೋತಿ?' ಎಂದರು. ಅವರ ಮಾತು ಕೇಳಿ ಒಂದು ಕ್ಷಣ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೇ ಆಮೇಲೆ ಅಳು ಬಂತು.

ನೀನು ಕಿಟಕಿ ಪಕ್ಕದ ಮಂಚವನ್ನು ಪ್ರತಿ ಸಲವೂ ನನಗೇ ಬಿಟ್ಟುಕೊಡುತ್ತಿದ್ದೆ. ನನಗೆ ಜಗಳ ನೆನಪಿದೆ, ನೀನು ಬಿಟ್ಟುಕೊಟ್ಟದ್ದು ಈಗ ಬರೆಯುವಾಗ ನೆನಪಾಯಿತು. ಸಾಧ್ಯವಾದರೆ ಬೈದಾದರೂ ಒಂದು ಕಾರ್ಡು ಹಾಕು.

ನಿನ್ನ,
ಸುಲಭಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಆಫೀಸು ಬದಲಾದಾಗ ಫಾರ್ಮುಗಳು ರದ್ದಿಗೆ ಹೋಗಲಿಲ್ಲ. ವಾಸನೆಯೆಂದು ಯಾರೂ ಮುಟ್ಟದ ಆ ಕಟ್ಟುಗಳನ್ನು ನಾನೇ ಮನೆಗೆ ತಂದು ಅಡಿಗೆಮನೆಯ ಅಟ್ಟದ ಮೇಲೆ ಇಟ್ಟಿದ್ದೆ. ನಿನ್ನ ಪತ್ರ ಬಂದದ್ದು ಗುರುವಾರ. ಮರು ಭಾನುವಾರ ರದ್ದಿಯವನು ಕೆಳಗೆ ಕೂಗಿದಾಗ ಇಳಿಸಿ ಕೊಟ್ಟುಬಿಟ್ಟೆ. ಪ್ರತಿಯೊಂದರ ಕೊನೆಯಲ್ಲೂ 'ಮಾಹಿತಿ ಪಡೆದವರು' ಎಂದು ನನ್ನ ಸಹಿ ಇತ್ತು, ಅದಕ್ಕೆ. ಕಾರಣದ ಗೆರೆಗಳು ಖಾಲಿ ಇರಲಿಲ್ಲ ಶೈಲಾ. ನೂರಾ ಎರಡರಲ್ಲೂ ಬರೆದಿದ್ದೆ. ತಕ್ಕಡಿಗೆ ಹಾಕುವ ಮುಂಚೆ ಯಾಕೋ ಮೇಲಿನದೊಂದನ್ನು ಎಳೆದುಕೊಂಡೆ. ಇದರ ಜೊತೆ ಮಡಚಿಟ್ಟಿದ್ದೇನೆ, ಹೊನ್ನಮ್ಮನದು. ಹದಿನೇಳರ ಕೆಳಗೆ ಅವಳು ಹೇಳಿದ ಹಾಗೆಯೇ ಇದೆ: 'ಇವ್ನ ಅಪ್ಪ ಕಡಲಲ್ಲೇ ಹೋದ್ರು. ಮಗ ದೋಣಿ ಹತ್ತಿದ ದಿನ ನಂಗೆ ಅನ್ನ ಇಳಿಯೂದಿಲ್ಲ. ಅದ್ಕೆ ಬ್ಯಾಡ ಅಂದೆ. ಕಡಲು ಬ್ಯಾಡ ಅಂದದ್ದಲ್ಲ, ಅದನ್ನೂ ಬರ್ಕಣಿ.' ಕೋರ್ಟಿಗೆ ಒಂದು ಫಾರ್ಮು ಸಾಕಾಗಲಿಕ್ಕಿಲ್ಲ. ಮೀನು ಪೇಟೆಯಲ್ಲಿ ಎಲ್ಲರೆದುರು ಇದನ್ನು ಓದಿ ಹೇಳು. ಕೊನೆಯಲ್ಲಿರುವ ಸಹಿಯನ್ನೂ ಓದು.