ಅಂಡಮಾನಿಗೆ ಯಾವ ತಿಂಗಳು

ಇಳಕಲ್, ಸೋಮವಾರ

ಮನೆಯವರಿಗೆ ಶರಣು.

ಡಬ್ಬಿಯ ಜೊತೆ ಇದನ್ನು ಇಟ್ಟಿದ್ದೇನೆ, ಊಟ ಮಾಡಿ ಓದಿ. ಅಂಡಮಾನಿಗೆ ಜುಲೈನಲ್ಲೇ ಹೋಗೋಣವೆಂದು ಹಟ ಹಿಡಿದಿದ್ದೀರಿ. ಮಳೆಗಾಲದಲ್ಲಿ ಕಡಲು ಕಲಕಿರುತ್ತದೆ, ಜನವರಿಯಲ್ಲಿ ಬನ್ನಿ ಎಂದು ಸ್ಕೂಬಾ ಕಲಿಸುವವರು ಫೋನಿನಲ್ಲಿ ಹೇಳಿದರು. ನೀರಿಗಿಳಿಯುವಾಗ ಕೊರಳಲ್ಲಿ ಏನೂ ಇರಬಾರದಂತೆ. ಹಾಗಾದರೆ ಲಿಂಗದ ಕರಡಿಗೆ ಎಲ್ಲಿಡುವುದು ಎಂದು ಕೇಳಿದೆ. ನಿಮ್ಮ ಹೆಸರು ಹೇಳುತ್ತಲೇ ಅವರಿಗೆ ನೆನಪಾಯಿತು: ಹೋದ ಜನವರಿಯಲ್ಲಿ ನೀವು ಮರೆತುಹೋದದ್ದು ಅವರ ಲಾಕರಿನಲ್ಲಿ ಜೋಪಾನವಾಗಿದೆಯಂತೆ.

“ಕೂಡಲಸಂಗಮದಾಗ ಜಳಕಾ ಮಾಡುವಾಗ ಹೊಳ್ಯಾಗ ಬಿತ್ತು” ಅಂದಿದ್ದಿರಿ. ಮಠದ ಅಜ್ಜಾರು ಹೊಸ ಲಿಂಗ ಕಟ್ಟುವವರೆಗೆ ನಿಮ್ಮ ಜೊತೆ ನಾನೂ ಉಪವಾಸವಿದ್ದೆ.

ಜನವರಿಗೇ ಟಿಕೆಟ್ ತೆಗೆಸಿ, ಹೋಗಿ ತರೋಣ. ಲಾಕರಿನಲ್ಲಿ ಎರಡು ಕರಡಿಗೆ ಇವೆಯಂತೆ. ನನ್ನದು ನನ್ನ ಕೊರಳಲ್ಲೇ ಇದೆ.

ಪದ್ಮಶ್ರೀ